ಗಡ್ಡೆ ಎಂದಷ್ಟೇ ಬರೆದಿತ್ತು

೧೯೫೮ರಲ್ಲಿ ಲಕ್ಷ್ಮೀನರಸಿಂಹ ಮೈಸೂರಿನ ಒಂದು ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಹೊಸದಾಗಿ ಗುಮಾಸ್ತನಾಗಿ ಸೇರಿದ್ದ. ಡಾಕ್ಟರು ಬರೆದ ಕಾಯಿಲೆಗೆ ಪಟ್ಟಿ ನೋಡಿ ನಂಬರು ಹಾಕುವುದು ಅವನ ಕೆಲಸ. ಶಿವನಂಜಮ್ಮ ಎಂಬುವಳ ಕಾಗದದಲ್ಲಿ ‘ಕುತ್ತಿಗೆಯಲ್ಲಿ ಗಡ್ಡೆ’ ಎಂದಷ್ಟೇ ಇತ್ತು. ಗಳಗಂಡಕ್ಕೊಂದು ನಂಬರು, ಕ್ಯಾನ್ಸರಿಗೆ ಬೇರೆಯೇ ನಂಬರು. ಯಾವುದನ್ನು ಹಾಕುವುದು?

ಕೇಳೋಣವೆಂದು ವಾರ್ಡಿಗೆ ಹೋದ. ಕಾಗದ ಬರೆದ ಡಾಕ್ಟರ್ ರುದ್ರಸ್ವಾಮಿ ಅಲ್ಲಿರಲಿಲ್ಲ. ಶಿವನಂಜಮ್ಮ ಕುತ್ತಿಗೆಗೆ ಸೆರಗು ಸುತ್ತಿಕೊಂಡು ಮಂಚದ ತುದಿಯಲ್ಲಿ ಕೂತಿದ್ದಳು. ಅವನ ಕೈಲಿದ್ದ ಕಾಗದ ಕಂಡವಳೇ ಎದ್ದು ನಿಂತಳು.

“ಅದ್ರಲ್ಲಿ ಏನ್ ಬರ್ದವ್ರೆ ಸ್ವಾಮಿ? ನಮ್ಮತ್ತೆ ಕ್ಯಾನ್ಸರ್ ಅಂತ ಊರಿಗೆಲ್ಲಾ ಸಾರ್ಬುಟ್ಟವ್ರೆ. ಅಂಟ್ಕತದೆ ಅಂತ ಮಗೀನ ನನ್ ತಾವ್ಕೇ ಬುಡಾಕಿಲ್ಲ.”

“ನಂಗೂ ಗೊತ್ತಿಲ್ಲಮ್ಮ. ಡಾಕ್ಟರನ್ನ ಕೇಳ್ತೀನಿ.”

ಸಂಜೆ ಡಾಕ್ಟರು ಸಿಕ್ಕಿದ್ದು ಮನೆಗೆ ಹೊರಟಾಗ. “ನಂಬರ್ ತಾನೇ? ಯಾವುದೋ ಒಂದು ಹಾಕ್ರೀ,” ಎಂದು ಹೋಗಿಯೇಬಿಟ್ಟರು.

ಅಗ್ರಹಾರದ ಮನೆಗೆ ಬಂದ ಲಕ್ಷ್ಮೀನರಸಿಂಹ ಅರ್ಧ ಊಟಕ್ಕೇ ಎದ್ದ. ಏನಾಯ್ತೋ ಎಂದ ತಾಯಿಗೆ ‘ಈಗ ಬಂದೆ’ ಎಂದು ಚಪ್ಪಲಿ ಮೆಟ್ಟಿ ಬೀದಿ ಸುತ್ತಿದ. ಬೀದಿಯಲ್ಲೂ ಸಮಾಧಾನವಾಗಲಿಲ್ಲ.

ಬೆಳಿಗ್ಗೆ ಡಾಕ್ಟರ ಬಾಗಿಲಲ್ಲೇ ನಿಂತಿದ್ದ. “ಸಾರ್, ನೀವು ಹೇಳದೆ ನಾನು ಹ್ಯಾಗೆ ಬರೀಲಿ? ಕ್ಯಾನ್ಸರ್ ಅಂದ್ಕೊಂಡು ಶಿವನಂಜಮ್ಮನಿಗೆ ಮಗುನ ಮುಟ್ಟೋಕೆ ಬಿಡ್ತಿಲ್ಲವಂತೆ.”

ಗದರಿಸಲು ಹೊರಟಿದ್ದ ಡಾಕ್ಟರು ತಡೆದುಕೊಂಡರು. “ಮುಟ್ಟಬಾರದು ಅಂದೋರು ಯಾರು?” ಎನ್ನುತ್ತ ವಾರ್ಡಿನತ್ತ ನಡೆದರು. ಶಿವನಂಜಮ್ಮನಿಗೆ ನೀರು ನುಂಗಿಸಿ, ಗಂಟಲು ಒತ್ತಿ ನೋಡಿದರು. “ತೌರು ಯಾವ ಕಡೆ?”

“ಬೆಟ್ಟದ ಕಡೆ ಬುದ್ಧಿ. ನಮ್ಮವ್ವಂಗೂ ಇಂಗೇ ಇತ್ತು.”

‘ಗಳಗಂಡ, ಅಯೋಡಿನ್ ಕೊರತೆ’ ಎಂದು ಡಾಕ್ಟರು ಬಿಡಿಸಿ ಬರೆದರು. “ಕ್ಯಾನ್ಸರ್ ಅಲ್ಲ ಕಣಮ್ಮ, ಅಂಟೋದೂ ಇಲ್ಲ. ಬೆಟ್ಟದ ಕಡೆ ನೀರಲ್ಲಿ ಅಯೋಡಿನ್ ಕಮ್ಮಿ, ಅದಕ್ಕೇ ಹೀಗೆ. ಔಷಧಿ ತಗೊಂಡು ಆಗಾಗ ಬಂದು ತೋರಿಸು.”

ಪಕ್ಕದಲ್ಲಿದ್ದ ಗಂಡ ಮಹದೇವು ಗಂಟು ಕಟ್ಟತೊಡಗಿದ. “ನಡಿ, ಊರ್ಗೋಗಮ.”

“ನಾನ್ ಬರಾಕಿಲ್ಲ. ನಿಮ್ಮವ್ವ ಮಗೀನ ಎತ್ಕಂಡು ಇಲ್ಲಿಗೇ ಬರ್ಲಿ. ಡಾಕ್ಟ್ರು ಬಾಯಿಂದ್ಲೇ ಕೇಳ್ಲಿ.”

ಮಾರನೆಯ ದಿನ ಅತ್ತೆ ಚಾಮುಂಡಮ್ಮ ತಮ್ಮೂರು ಮಂಡಕಳ್ಳಿಯಿಂದ ಮಗುವನ್ನು ಎತ್ತಿಕೊಂಡು ಬಂದರು. ಡಾಕ್ಟರು ಹೇಳಿದ್ದನ್ನೆಲ್ಲ ತಲೆ ತಗ್ಗಿಸಿ ಕೇಳಿ, ಮಗುವನ್ನು ಸೊಸೆಯ ಮಡಿಲಿಗಿಟ್ಟರು. ಅದು ಮೊದಲು ಅತ್ತಿತು, ಆಮೇಲೆ ತಾಯಿಯ ಸೆರಗು ಹಿಡಿದುಕೊಂಡಿತು.

ನಂಬರು ಹಾಕಿದ ಮೇಲಾದರೂ ಲಕ್ಷ್ಮೀನರಸಿಂಹ ನೆಮ್ಮದಿಯಾಗಿ ಕೂರಬೇಕಿತ್ತು. ಆಗಲಿಲ್ಲ. ಹಳೆಯ ಕಾಗದಗಳನ್ನು ಕೆದಕಿ, ಕೆಲವನ್ನು ತೆಗೆದುಕೊಂಡು ಮತ್ತೆ ಡಾಕ್ಟರ ಬಾಗಿಲಿಗೆ ಹೋದ.

“ಮತ್ತೇನ್ರೀ?”

“ಇವುಗಳಲ್ಲೂ ಬರೀ ಗಡ್ಡೆ ಅಂತಿದೆ ಸಾರ್. ಇವರೆಲ್ಲ ಈಗ ಎಲ್ಲಿದ್ದಾರೋ?”

ಡಾಕ್ಟರು ಕನ್ನಡಕ ಒರೆಸಿಕೊಂಡು, ಕಾಗದಗಳಿಗಾಗಿ ಕೈ ಚಾಚಿದರು.