ಕಾಗೆ ಮುಟ್ಟದ ಎಡೆ

ಬಿಸಿಲು ನೆತ್ತಿಗೇರಿದರೂ ಕಾಗೆ ಎಡೆಗೆ ಬಾಯಿ ಹಾಕಲಿಲ್ಲ. ಉಗಾರ ಬುದ್ರುಕದ ಹೊಳೆದಂಡೆಯ ಜಾಲಿಗಿಡದಲ್ಲಿ ಕುಳಿತು, ಬಾಳೆಲೆಯ ಮೇಲಿನ ಅನ್ನ, ಬದನೆಕಾಯಿ ಪಲ್ಯ, ಜಿಲೇಬಿಯನ್ನು ಕತ್ತು ಕೊಂಕಿಸಿ ನೋಡುತ್ತಿತ್ತು, ಅಷ್ಟೆ. ವಿಕ್ರಾಂತ ತೀರಿಕೊಂಡು ಅಂದಿಗೆ ಮೂರನೆಯ ದಿನ. ಇನ್ನೂ ಮೀಸೆ ಬಲಿಯದ ಹುಡುಗ. ಸ್ನಾಯು ಸವೆಯುವ ರೋಗ ಮೊದಲು ಅವನ ಕಾಲು ಕಸಿದುಕೊಂಡಿತ್ತು, ಕೊನೆಗೆ ಉಸಿರು.

ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದರ್ಥ. ಬಂಧುಗಳು ಒಬ್ಬೊಬ್ಬರಾಗಿ ಮಾತು ಕೊಡತೊಡಗಿದರು. "ನಿನ್ನ ತಂಗಿ ಕೋಮಲನ್ನ ಚಂದಂಗಿ ನೋಡ್ಕೋತೀವೋ ಮಗಾ," ಎಂದ ಅಜ್ಜ ವಿಠೋಬಾ. "ಹೊಸಾ ಮೊಬೈಲ್ ತಂದ ಇಡತೀನಿ," ಎಂದ ಸೋದರಮಾವ. ಬದುಕಿದ್ದಾಗ ಹಳೆಯದನ್ನೂ ಕೊಡದ ಮಹಾರಾಯ! ಕಾಗೆ ಜಗ್ಗಲಿಲ್ಲ.

ತಾಯಿ ತಾರವ್ವ ಒಮ್ಮೆಲೇ ಎದ್ದು ಉಜ್ವಲಾಳ ಎದುರು ನಿಂತಳು. ಉಜ್ವಲಾ ಅಥಣಿಯ ಹುಡುಗಿ. ವಿಶ್ವವಿದ್ಯಾಲಯದ ಜೀವಕೋಶ ಸಂಶೋಧನಾ ಕೇಂದ್ರದಲ್ಲಿ ಕೆಲಸ. ಹೋದ ವರ್ಷ ಈ ರೋಗಕ್ಕೆ ಔಷಧ ಹುಡುಕಲೆಂದು ವಿಕ್ರಾಂತನ ತೊಡೆಯಿಂದ ಚೂರು ಚರ್ಮ ಒಯ್ದಿದ್ದವಳು, ಸುದ್ದಿ ಕೇಳಿ ಓಡಿಬಂದಿದ್ದಳು.

"ತಂಗೀ, ಅವನ ಚರ್ಮಕ್ಕ ನಿಮ್ಮಲ್ಲಿ ಇನ್ನೂ ಜೀವಾ ಐತೇನು?"

"ಐತ್ರಿ ಅಕ್ಕಾರ. ಬೆಳ್ಯಾಕತ್ತೈತಿ."

"ಅದಕ್ಕಽ ಅವಗ ದಾರಿ ಸಿಗವಲ್ದು. ಅರ್ಧಾ ಇಲ್ಲಿ, ಅರ್ಧಾ ಅಲ್ಲಿ. ಚೆಲ್ಲಿಬಿಡು. ನನ್ನ ಮಗನ್ನ ಬಿಟ್ಟಕೊಡು."

ಉಜ್ವಲಾ ಮೊಬೈಲ್ ಕೈಗೆತ್ತಿಕೊಂಡಳು. ಅದೇ ರೋಗ ಈಗ ಕೋಮಲಳಿಗೂ ಸುರುವಾಗಿತ್ತು. ಹುಡುಗಿ ಗೋಡೆ ಹಿಡಿದು ಏಳುತ್ತಿದ್ದಳು. ಚೆಲ್ಲಿದರೆ ಔಷಧದ ಪರೀಕ್ಷೆಯನ್ನೆಲ್ಲ ಮೊದಲಿನಿಂದ ಮಾಡಬೇಕು. ಕೋಮಲಳಿಗೆ ಅಷ್ಟು ಪುರಸೊತ್ತಿರಲಿಲ್ಲ.

"ನೀವು ಚೆಲ್ಲಂದ್ರ ಚೆಲ್ಲತೀನ್ರಿ. ಕೋಮಲಗ ಔಷಧ ಸಿಕ್ಕಽ ಸಿಗತೈತಿ ಅಂತ ಸುಳ್ಳೂ ಹೇಳಾಂಗಿಲ್ಲ. ಆದ್ರ ಒಮ್ಮಿ ಇದನ್ನ ನೋಡ್ರಿ."

ಮೊಬೈಲಿನ ವಿಡಿಯೋದಲ್ಲಿ ಸಣ್ಣ ಸಣ್ಣ ಎಳೆಗಳು. ವಿಕ್ರಾಂತನ ಚರ್ಮದಿಂದಲೇ ಬೆಳೆಸಿದ ಸ್ನಾಯು. ಗಾಜಿನ ತಟ್ಟೆಯಲ್ಲಿ ಅವು ತಾವಾಗಿಯೇ ಮಿಡುಕುತ್ತಿದ್ದವು. ವರ್ಷಗಟ್ಟಲೆ ಮಗನ ಕಾಲನ್ನು ತಾನೇ ಎತ್ತಿ ಇಟ್ಟವಳು ತಾರವ್ವ. ನೋಡಿದಳು, ಮತ್ತೆ ನೋಡಿದಳು.

"ಅಲಗಾಡಾಕತ್ತಾನಲ್ಲಬೇ..."

"ಹೌದ್ರಿ."

"ಹೊಟ್ಟಿಗಿ ಏನ್ ಹಾಕ್ತೀರಿ?"

"ಬೆಳ್ಯಾಕ ಬೇಕಾದ್ದೆಲ್ಲಾ ನೀರಾಗ ಕಲಸಿ ಹಾಕ್ತೀನ್ರಿ. ದಿನಾ ಬಿಟ್ಟ ದಿನಾ."

"ನೀನಽ?"

"ನಾನಽರಿ. ಹಬ್ಬ ಇದ್ರೂ ಹೋಗತೀನಿ."

ತಾರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಎಡೆಯ ಮುಂದೆ ಕುಳಿತು ಅನ್ನಕ್ಕೆ ಪಲ್ಯ ಕಲಸತೊಡಗಿದಳು.

"ಏ ತಾರವ್ವಾ, ಕಾಗಿ ಇನ್ನಾ ಮುಟ್ಟಿಲ್ಲ!" ವಿಠೋಬಾ ಗಾಬರಿಯಾದ. "ಅದಕಿಂತ ಮೊದಲ ಯಾರೂ ಉಣಬಾರದು!"

ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ತುತ್ತನ್ನು ಉಜ್ವಲಾಳ ಬಾಯಿಗೆ ಹಿಡಿದಳು.

"ಉಣ್ಣವಾ. ನೀ ಗಟ್ಟಿ ಇರಬೇಕು."

ಉಜ್ವಲಾ ಒಂದು ಗಳಿಗೆ ಅನುಮಾನಿಸಿ, ಬಾಯಿ ತೆರೆದಳು. ಅವಳು ಅಗಿಯುವುದನ್ನು ನೋಡುತ್ತಲೇ ತಾರವ್ವ ಇನ್ನೊಂದು ತುತ್ತು ಕಲಸಿದಳು.