ಮಂಚದವರೆಗೆ ಮಾತ್ರ

ಕ್ಯಾಮೆರಾ ಹಾಕಲು ಬಂದಿದ್ದ ಶ್ರೀಶೈಲ ಮೋಡೆಮ್ಮಿನ ಪವರ್ ವೈರು ಎಳೆದು ಗಡಿಯಾರ ನೋಡಿದ. ಇಷ್ಟು ವರ್ಷ ಒಂದೇ ಕಂಪ್ಯೂಟರಿಗೆ ಅಂಟಿಕೊಂಡಿದ್ದ ಕೇಬಲ್ ಮೋಡೆಮ್ ಅದು. ಹೊಸ ವೈಫೈ ಪೆಟ್ಟಿಗೆಯನ್ನು ಸಿಕ್ಕಿಸಿದ ಕೂಡಲೇ ಅದು ಗುರುತು ಹಿಡಿಯುವುದಿಲ್ಲ. ಹಳೆಯ ಕಂಪ್ಯೂಟರನ್ನು ಮರೆಯುವವರೆಗೆ ಐದಾರು ನಿಮಿಷ ಆರಿಸಿಡಬೇಕು.

“ಅಷ್ಟರಲ್ಲಿ ಹಾಲು ತಂದ್ಬಿಡ್ತೀನಿ,” ಎಂದು ಅನಂತಲಕ್ಷ್ಮಿ ಚಪ್ಪಲಿ ಮೆಟ್ಟಿದರು. ನಾಳೆ ಮಗಳ ಹೆರಿಗೆಗೆಂದು ಮೈಸೂರಿಗೆ ಹೊರಟವರು. ಹಾಸಿಗೆ ಹಿಡಿದ ಮಾವ ಕೃಷ್ಣಯ್ಯನವರನ್ನು ಹದಿನೈದು ದಿನ ಮನೆಯಲ್ಲೇ ಇದ್ದು ನೋಡಿಕೊಳ್ಳುವ ದಾನಮ್ಮನ ಕೈಯಲ್ಲಿ ಬಿಡಬೇಕು; ಅದಕ್ಕೇ ಈ ಕ್ಯಾಮೆರಾ. ಗೇಟಿನ ಹತ್ತಿರ ಶ್ರೀಶೈಲನನ್ನು ಕರೆದು ಸಣ್ಣ ದನಿಯಲ್ಲಿ ಹೇಳಿದರು: “ಇಡೀ ರೂಮ್ ಕಾಣೋ ಹಾಗೆ ಹಾಕಿ. ಅವಳು ಕೇಳಿದ್ರೆ ಟಿವಿದು ಅನ್ನಿ. ಸುಮ್ನೆ ಬೇಜಾರ್ ಮಾಡ್ಕೋತಾಳೆ.”

ಕೋಣೆಯಲ್ಲಿ ದಾನಮ್ಮ ಮುದುಕರ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು. ಬೀರುವಿನ ಮೂಲೆಯಲ್ಲಿ ಅವಳ ಚಾಪೆ, ಟ್ರಂಕು. ಶ್ರೀಶೈಲ ಸ್ಟೂಲು ಹತ್ತಿ ಎದುರು ಗೋಡೆಗೆ ಪೆನ್ಸಿಲಿನಲ್ಲಿ ಗುರುತು ಹಾಕಿದ.

“ಏನ್ ಕೂಡ್ಸಾಕತ್ತೀಪಾ ಅಲ್ಲಿ?”

ತನ್ನೂರ ಕಡೆಯ ಮಾತು. ಬಸವೇಶ್ವರನಗರದಲ್ಲಿ ದಿನಕ್ಕೆ ಐದಾರು ಮನೆ ಹೊಕ್ಕು ಬರುವ ಅವನನ್ನು ಯಾರೂ ಹೀಗೆ ಕೇಳಿರಲಿಲ್ಲ. ಕಲಿಸಿಕೊಟ್ಟ ಸುಳ್ಳು ಬಾಯಿಗೆ ಬರಲಿಲ್ಲ.

“ಕ್ಯಾಮೆರಾ ಐತಿ, ಅವ್ವಾ. ಮೇಡಂ ಮೈಸೂರಿನ್ಯಾಗ ಕುಂತು ಫೋನಿನ್ಯಾಗ ನೋಡ್ತಾರ.”

ದಾನಮ್ಮನ ಕೈ ನಿಂತಿತು.

“ಅಜ್ಜಾರನ್ನ ನೋಡ್ಲಿ, ನೋಡ್ಬೇಕು. ಆದ್ರ ನಾ ಸೀರಿ ಉಡೂದು ಈ ಮೂಲ್ಯಾಗ. ಮಲಗೂದೂ ಇಲ್ಲೇ. ಇವರನ್ನ ಬಿಟ್ಟು ಬ್ಯಾರೆ ಕಡೆ ಹೋಗಾಕ ಆಗೂದಿಲ್ಲ.”

ಶ್ರೀಶೈಲ ಗುರುತನ್ನು ಬೆರಳಲ್ಲಿ ಉಜ್ಜಿ ಅಳಿಸಿ, ಸ್ಟೂಲನ್ನು ಬೀರುವಿನ ಪಕ್ಕಕ್ಕೆ ಎಳೆದು, ಅಲ್ಲಿಂದ ಮಂಚದ ಕಡೆಗೆ ಮುಖ ಮಾಡಿ ಕ್ಯಾಮೆರಾ ಕೂರಿಸಿದ. ಮೂಲೆ ಅದರ ಬೆನ್ನಿಗೆ ಬಿತ್ತು. ಆಮೇಲೆ ಹೋಗಿ ಮೋಡೆಮ್ ಹಾಕಿದ. ದೀಪಗಳು ಒಂದೊಂದಾಗಿ ಮಿನುಗಿ ನಿಂತವು.

ಅನಂತಲಕ್ಷ್ಮಿ ಹಾಲಿನ ಪ್ಯಾಕೆಟ್ಟು ಕೆಳಗಿಟ್ಟು ಫೋನು ನೋಡಿದರು.

“ಮಾವ ಚೆನ್ನಾಗಿ ಕಾಣ್ತಾರೆ. ಆ ಮೂಲೆ ಬರ್ತಾನೇ ಇಲ್ವಲ್ಲ?”

“ಇಷ್ಟೇ ಬರೋದು ಮೇಡಂ. ಮಂಚ ಪೂರ್ತಿ ಬಂದಿದೆ.”

ಅವರು ಅವನ ಮುಖವನ್ನೊಮ್ಮೆ ನೋಡಿದರು. ಏನೋ ಕೇಳಲು ಹೊರಟವರು ಮತ್ತೆ ಫೋನಿನ ಕಡೆ ತಿರುಗಿದರು.

ಪರದೆಯಲ್ಲಿ ದಾನಮ್ಮ ಚಮಚದಿಂದ ನೀರು ಕುಡಿಸಿ, ಗಲ್ಲ ಒರೆಸಿ, ಚಿತ್ರದ ಅಂಚು ದಾಟಿ ಹೋದಳು. ಕೃಷ್ಣಯ್ಯನವರು ಅವಳು ಹೋದ ಕಡೆಗೇ ಮುಖ ಹೊರಳಿಸಿ, ಅವಳ ಯಾವುದೋ ಮಾತಿಗೆ ನಗುತ್ತಿದ್ದರು.