ಚೀಟಿಗಳು ತಿಂದ ಜಾಗ

ಬೆಳಿಗ್ಗೆ ಅಂಬುಲೆನ್ಸ್ ಕರೆಗಳ ಕೋಣೆಯಲ್ಲಿ ನೀರಿನ ಪೈಪ್ ಒಡೆದು, ಅಲ್ಲಿನ ಕಂಪ್ಯೂಟರ್‌ಗಳೆಲ್ಲ ಒಂದೇ ಏಟಿಗೆ ಕಣ್ಣು ಮುಚ್ಚಿದ್ದವು. ಆ ಕೋಣೆಯ ಮೇಲ್ವಿಚಾರಕಿ ಒದ್ದೆ ಚಪ್ಪಲಿಯಲ್ಲೇ ಡೇಟಾ ಸೆಂಟರಿಗೆ ಓಡಿಬಂದರು.

"ಯಾವ ಗಾಡಿ ಎಲ್ಲಿದೆ ಅಂತ ನಮಗೇ ಗೊತ್ತಾಗ್ತಿಲ್ಲ. ಒಂದು ಗಾಡಿ ಆಗಲೇ ತಪ್ಪು ಬೀದಿಗೆ ಹೋಗಿ ತಿರುಗಿ ಬಂತು. ನಿಮ್ಮ ಸರ್ವರ್‌ನಲ್ಲಿ ಒಂಚೂರು ಜಾಗ ಕೊಡಿ, ಪುಣ್ಯ ಬರತ್ತೆ."

ಆ ಒಂಚೂರು ಜಾಗವೇ ಇರಲಿಲ್ಲ. ಅಲ್ಲಿನ ಒಂದೊಂದು ದೊಡ್ಡ ಸರ್ವರ್‌ನೊಳಗೂ ಹತ್ತಾರು ವರ್ಚುವಲ್ ಯಂತ್ರಗಳಿದ್ದವು. ಒಂದೇ ಕಟ್ಟಡದ ಬಾಡಿಗೆದಾರರಂತೆ, ಮನೆಯೆಲ್ಲ ತಮ್ಮದೇ ಎಂದುಕೊಂಡು ಬದುಕುವಂಥವು. ಎಲ್ಲ ಸರ್ವರ್‌ಗಳ ಮೆಮೊರಿಯೂ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ತುಂಬಿತ್ತು. ಖಾಲಿ ಇದ್ದದ್ದು ಮೂಲೆಯ ಕುಂಟಜ್ಜ ಮಾತ್ರ. ಮೆಮೊರಿಯಲ್ಲಿ ಅಲ್ಲಲ್ಲಿ ಹುಳುಕು ಬಿದ್ದ ಹಳೇ ಸರ್ವರ್ ಅದು, ಪರೀಕ್ಷೆಗಷ್ಟೇ ಲಾಯಕ್ಕು.

"ಸಾರ್, ನನ್ನ ಪ್ರೋಗ್ರಾಂ ಹಾಕಿ ನೋಡೋಣ" ಎಂದಳು ಅಕ್ಕ, ಮೇಲಧಿಕಾರಿಗೆ.

ಎರಡು ಮಕ್ಕಳ ತಾಯಿಯಾದ ಈ ಇಂಜಿನಿಯರ್ ಕಚೇರಿಗೆಲ್ಲ ಅಕ್ಕನೇ. ಅವತ್ತು ಅವಳ ಮನೆಯವರು ಬೇರೆ ಮನೆಗೆ ಸಾಮಾನು ಸಾಗಿಸುತ್ತಿದ್ದರು. ಅವಳು ಮಾತ್ರ ತಿಂಗಳುಗಟ್ಟಲೆ ತಲೆ ತಿನ್ನುತ್ತಿದ್ದ ವಿಷಯಕ್ಕೇ ಅಂಟಿಕೊಂಡಿದ್ದಳು. ಸರ್ವರ್ ತನ್ನ ಮೆಮೊರಿಯನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಪ್ರತಿ ತುಂಡಿಗೂ ಒಂದು ಚೀಟಿ ಇಟ್ಟುಕೊಳ್ಳುತ್ತದೆ: ಇದು ಯಾರದು, ಬಳಕೆಯಲ್ಲಿದೆಯೇ, ಕೆಟ್ಟಿದೆಯೇ. ಮೆಟಾಡೇಟಾ ಅಂದರೆ ಇಷ್ಟೇ. ಒಂದು ಚೀಟಿ ಸಾಸಿವೆಯಷ್ಟು. ಆದರೆ ತುಂಡುಗಳು ಕೋಟಿಗಟ್ಟಲೆ, ಚೀಟಿಗಳು ಕೂರಬೇಕಾದದ್ದೂ ಅದೇ ಮೆಮೊರಿಯಲ್ಲಿ. ಒಬ್ಬನೇ ಬಾಡಿಗೆದಾರನಿಗೆ ಸಾರಾಸಗಟಾಗಿ ಕೊಟ್ಟ ಜಾಗಕ್ಕೆ ಇಷ್ಟೊಂದು ಚೀಟಿ ಯಾಕೆ? ದೊಡ್ಡ ತುಂಡಿಗೊಂದು ಸಾಲದೇ? ಅವಳ ಪ್ರೋಗ್ರಾಂ ಮಾಡುತ್ತಿದ್ದದ್ದು ಅದನ್ನೇ. ಹಾಗೆ ಮಾಡಿದರೆ ಒಂದು ಸರ್ವರ್‌ನಲ್ಲಿ ಉಳಿಯುವ ಜಾಗದಲ್ಲಿ ಅಂಬುಲೆನ್ಸ್‌ನವರ ಯಂತ್ರ ಕಾಲು ಚಾಚಿ ಕೂರಬಹುದಿತ್ತು.

ಮೇಲಧಿಕಾರಿ ಯಾವುದಕ್ಕೂ ಮೊದಲು "ಬೇಡಪ್ಪಾ" ಎನ್ನುವವರು. ಹಾಗಾಗಿ ಅವರಿಗೆ ಬೇಡಪ್ಪ ಎಂದೇ ಹೆಸರು ಬಿದ್ದಿತ್ತು. ಈಗಲೂ ಬಾಯಿ ತೆರೆದರು. ಒದ್ದೆ ಚಪ್ಪಲಿ ನೋಡಿ ಮುಚ್ಚಿದರು.

"ವಿಡಿಯೋ ಆಟದ ಕಂಪನಿಯ ಸರ್ವರ್ ಮಧ್ಯಾಹ್ನ ದುರಸ್ತಿಗೆ ನಿಲ್ಲತ್ತೆ. ಅದು ಮತ್ತೆ ಶುರುವಾಗೋವಾಗ ನಿನ್ನ ಪ್ರೋಗ್ರಾಂ ಹಾಕು. ಆದರೆ ಅದಕ್ಕೆ ಮೊದಲು ಕುಂಟಜ್ಜನ ಮೇಲೆ ನನ್ನ ಕಣ್ಣೆದುರು ಓಡಬೇಕು."

ಓಡಿತು! ಜಾಗ ಬಿಡುಗಡೆಯಾದದ್ದು ಪರದೆಯ ಮೇಲೆ ಕಂಡಾಗ ಗಡಿಬಿಡಿ ಎಂದೇ ಎಲ್ಲರೂ ಕರೆಯುವ ಜೊತೆಗಾರ ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದ. ಸುತ್ತು ಮುಗಿಯುವಷ್ಟರಲ್ಲಿ ಪರೀಕ್ಷೆಯ ವರ್ಚುವಲ್ ಯಂತ್ರ ದೊಪ್ಪನೆ ಬಿತ್ತು.

ಕುಂಟಜ್ಜನ ಮೆಮೊರಿಯಲ್ಲಿ ಒಂದು ಚಿಕ್ಕ ತುಂಡು ಕೆಟ್ಟಿತ್ತು. ಮೊದಲಾಗಿದ್ದರೆ ಸರ್ವರ್ ಆ ತುಂಡಿನ ಚೀಟಿಯ ಮೇಲೆ 'ಕೆಟ್ಟಿದೆ' ಎಂದು ಗುರುತು ಹಾಕಿ ಬದಿಗಿಡುತ್ತಿತ್ತು. ಈಗ ಚಿಕ್ಕ ಚೀಟಿಗಳೇ ಇಲ್ಲ. ಹಾಗಾಗಿ ಇಡೀ ದೊಡ್ಡ ತುಂಡನ್ನೇ ಕಸಕ್ಕೆ ಹಾಕಿ, ಯಂತ್ರವನ್ನೂ ಕೆಡವಿತ್ತು.

"ಅಜ್ಜನ ತಪ್ಪು ಅಕ್ಕಾ, ನಿನ್ನದಲ್ಲ" ಎಂದ ಗಡಿಬಿಡಿ. "ಆಟದವರ ಸರ್ವರ್ ಹೊಸದು, ಹುಳುಕಿಲ್ಲ. ಹಾಕಿಬಿಡು."

"ಹೊಸದು ಅಂತ ಕೆಡದೇ ಇರತ್ತಾ? ಯಾರೋ ಉಸಿರಾಡಕ್ಕಾಗದೆ ಫೋನ್ ಮಾಡಿದಾಗ ಯಂತ್ರ ಬಿದ್ರೆ?" ಎಂದಳು ಅಕ್ಕ.

ಮೇಲ್ವಿಚಾರಕಿಯ ಫೋನು ಕೂಗಿತು. ಅದರ ಹಿಂದೆಯೇ ಅಕ್ಕನ ಫೋನೂ ಕೂಗಿತು; ಗಂಡ.

"ಲೋಟಗಳ ಪೆಟ್ಟಿಗೆ ಬಿತ್ತು ಕಣೇ. ಒಳಗೆ ಒಂದೆರಡು ಒಡೆದಿರೋ ಹಾಗೆ ಸದ್ದು ಬರ್ತಿದೆ. ಮಕ್ಕಳು ಓಡಾಡ್ತಿದಾರೆ, ಪೆಟ್ಟಿಗೆ ಪೂರ್ತಿ ಎಸೆದುಬಿಡ್ಲಾ?"

"ಪೂರ್ತಿ ಯಾಕ್ರೀ ಎಸೀತೀರಾ! ನಿಮ್ಮ ಕೈಗೆ ಸಾಮಾನು ಕೊಟ್ಟೋರಿಗೆ ಹೇಳ್ಬೇಕು. ಮಿಕ್ಕ ಪೆಟ್ಟಿಗೆ ಹಾಗೇ ಇರ್ಲಿ. ಅದೊಂದನ್ನ ಮಾತ್ರ ಬಿಚ್ಚಿ, ಲೋಟ ಒಂದೊಂದಾಗಿ ನೋಡಿ, ಒಡೆದಿದ್ದನ್ನ..."

ಅವಳು ಅರ್ಧಕ್ಕೇ ನಿಂತಳು.

"ಹಲೋ? ಒಡೆದಿದ್ದನ್ನ ಏನ್ ಮಾಡ್ಲಿ? ಲೇ, ಇದೀಯಾ?"

ಹಿಂದಿನಿಂದ ಅತ್ತೆಯ ದನಿ: "ಅವಳಿಗೆ ಏನೋ ಹೊಳೀತು. ಫೋನ್ ಇಡು, ಪೆದ್ದ."

ಅವಳ ಬೆರಳು ಕೀಲಿಮಣೆಯ ಮೇಲೆ ಹಾರತೊಡಗಿತ್ತು. ಚಿಕ್ಕ ಚೀಟಿಗಳನ್ನು ಮೊದಲೇ ಬರೆದಿಡುವುದು ಬೇಡ. ಕೆಟ್ಟದ್ದು ಕಂಡಾಗ ಆ ಒಂದು ದೊಡ್ಡ ತುಂಡಿಗೆ ಮಾತ್ರ ಬರೆದರಾಯಿತು. ಅದಕ್ಕೆಂದು ಒಂದು ಹಿಡಿ ಜಾಗ ಕಾದಿರಿಸಿದರೆ ಸಾಕು. ಕೈ ಬರೆಯುವುದಕ್ಕಿಂತ ಎದೆ ಹೆಚ್ಚು ಜೋರಾಗಿ ಓಡುತ್ತಿತ್ತು. ಮಕ್ಕಳು ಮೊದಲ ಹೆಜ್ಜೆ ಇಟ್ಟಾಗಲೂ ಹೀಗೇ ಆಗಿತ್ತು. ಹಿಡಿದುಕೊಳ್ಳಬೇಕೋ ಬಿಡಬೇಕೋ ತಿಳಿಯದಂಥ ಖುಷಿ. ಗಡಿಬಿಡಿ ಪಕ್ಕದಲ್ಲಿ ಕೂತು ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿ ತಪ್ಪು ಹುಡುಕಿದ. ಎರಡು ಸಿಕ್ಕವು, ಎರಡಕ್ಕೂ ಅವಳಿಂದ ಬೈಸಿಕೊಂಡು ಹಲ್ಲು ಕಿರಿದ.

ಆಟದವರ ಸರ್ವರ್ ಆಗಲೇ ನಿಂತಿತ್ತು. ಮತ್ತೆ ಶುರುಮಾಡುವ ಹೊತ್ತು ಹತ್ತಿರವಾಗುತ್ತಿದ್ದಂತೆ ಕುಂಟಜ್ಜನನ್ನು ಎಬ್ಬಿಸಿದರು. ಹುಳುಕು ಸಿಕ್ಕಿತು. ದೊಡ್ಡ ಚೀಟಿ ಒಡೆದು ಚಿಕ್ಕ ಚೀಟಿಗಳಾದವು. ಒಂದರ ಮೇಲೆ 'ಕೆಟ್ಟಿದೆ' ಎಂಬ ಗುರುತು ಬಿತ್ತು. ಯಂತ್ರ ಮಾತ್ರ ಏನೂ ಆಗಿಲ್ಲವೆಂಬಂತೆ ಓಡುತ್ತಲೇ ಇತ್ತು.

"ಅಜ್ಜ ಎದ್ದು ನಿಂತ!" ಗಡಿಬಿಡಿ ಕೂಗಿದ.

ಅಕ್ಕ ಬೇಡಪ್ಪನವರತ್ತ ತಿರುಗಿದಳು. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ಹಾಕಪ್ಪಾ" ಎಂದರು. "ಹಾಕಮ್ಮಾ."

ಆಟದವರ ಯಂತ್ರಗಳು ಒಂದೊಂದಾಗಿ ತಮ್ಮ ಜಾಗಕ್ಕೆ ಬಂದು ಕೂತವು. ಎಲ್ಲ ಬಂದ ಮೇಲೂ ಜಾಗ ಉಳಿಯಿತು. ಅಲ್ಲಿ, ಚೀಟಿಗಳು ಎದ್ದುಹೋದ ಜಾಗದಲ್ಲಿ, ಅಂಬುಲೆನ್ಸ್‌ನವರ ಯಂತ್ರ ಕಣ್ಣು ಬಿಟ್ಟಿತು. ಪರದೆಯ ನಕ್ಷೆಯಲ್ಲಿ ಗಾಡಿಗಳು ಹಸಿರು ಚುಕ್ಕಿಗಳಾಗಿ ಮೂಡಿದವು. ಮೇಲ್ವಿಚಾರಕಿ ಅವುಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು.

ಮೊದಲ ಕರೆ ಬಂತು. ನಕ್ಷೆಯಲ್ಲಿ ವಿಳಾಸ ತಾನಾಗಿ ಕೆಂಪಗೆ ಮಿನುಗಿತು. ಅದರ ಪಕ್ಕದ ಬೀದಿಯಲ್ಲೇ ಒಂದು ಹಸಿರು ಚುಕ್ಕಿ ಇತ್ತು.

"ಪಕ್ಕದಲ್ಲೇ ಇದಾನೆ ಮಾರಾಯ್ತಿ, ಪಕ್ಕದಲ್ಲೇ!" ಎಂದು ಮೇಲ್ವಿಚಾರಕಿ ಅಕ್ಕನ ತೋಳು ಹಿಡಿದು ಅಲ್ಲಾಡಿಸಿದರು. ಚುಕ್ಕಿ ಹೊರಟಿತು. ತಿರುವಿನಲ್ಲಿ ಒಂದು ಕ್ಷಣ ನಿಂತಂತಾಗಿ ಎಲ್ಲರ ಜೀವ ಬಾಯಿಗೆ ಬಂತು. ಮತ್ತೆ ಹೊರಟಿತು, ಕೆಂಪು ಚುಕ್ಕಿಯನ್ನು ತಲುಪಿ ನಿಂತಿತು.

ಅಕ್ಕ ಮೂಗು ಒರೆಸಿಕೊಂಡು ಗಂಡನಿಗೆ ಫೋನ್ ಮಾಡಿದಳು.

"ಒಡೆದಿದ್ದನ್ನ ಬದಿಗಿಡಿ ರೀ" ಎಂದಳು. "ಮಿಕ್ಕಿದ್ದೆಲ್ಲ ಗಟ್ಟಿಯಾಗಿದೆ."